ಗಾಳಿ ಗೊಬ್ಬರವಾಗುವ ಬಗೆ

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಒಂದು ಎಕರೆ ಹೊಲದ ನೆತ್ತಿಯ ಮೇಲಿರುವ ಗಾಳಿಯಲ್ಲೇ ಸುಮಾರು 31 ಸಾವಿರ ಟನ್ ಸಾರಜನಕವಿದೆ. ಅದೇ ಹೊಲದ ಪೈರಿಗೆ ಒಂದು ಹಂಗಾಮಿನಲ್ಲಿ ಬೇಕಾಗುವುದು ಹತ್ತಾರು ಕಿಲೋ ಮಾತ್ರ. ಆದರೂ ಸಾರಜನಕ ಸಾಲದೆ ಪೈರು ಹಳದಿಗೆ ತಿರುಗುತ್ತದೆ. ರೈತರು ಯೂರಿಯಾ ಚೀಲಕ್ಕೆ ಸಾಲು ನಿಲ್ಲುತ್ತಾರೆ. 45 ಕಿಲೋ ತೂಕದ ಒಂದು ಚೀಲದಲ್ಲಿರುವ ಸಾರಜನಕ 21 ಕಿಲೋಗಿಂತ ತುಸು ಕಡಿಮೆ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆ ಸಸ್ಯಗಳ ಈ ಸ್ಥಿತಿಗೆ ಸರಿಯಾಗಿ ಒಪ್ಪುತ್ತದೆ.

ಪ್ರೋಟೀನು, ಡಿಎನ್‌ಎ, ಎಲೆಯ ಹಸಿರು ಬಣ್ಣದ ಪತ್ರಹರಿತ್ತು, ಯಾವುದೂ ಸಾರಜನಕವಿಲ್ಲದೆ ಆಗದು. ಆದರೆ ಗಾಳಿಯ ಸಾರಜನಕವನ್ನು ಗಿಡವಾಗಲಿ ಪ್ರಾಣಿಯಾಗಲಿ ನೇರವಾಗಿ ಬಳಸಲಾರದು. ಅದು ಮೊದಲು ಅಮೋನಿಯದಂಥ ಸಂಯುಕ್ತವಾಗಬೇಕು. ಈ ಮಾರ್ಪಾಟಿಗೆ ಸಾರಜನಕ ಸ್ಥಿರೀಕರಣ ಎಂದು ಹೆಸರು. ಜೀವಲೋಕದಲ್ಲಿ ಇದನ್ನು ಮಾಡಬಲ್ಲ ಕಿಣ್ವ ನೈಟ್ರೊಜಿನೇಸ್ ಒಂದೇ. ಅದನ್ನು ತಯಾರಿಸುವ ವಿದ್ಯೆ ಕೆಲವು ಬ್ಯಾಕ್ಟೀರಿಯಗಳಿಗೂ ಅವುಗಳಂತೆಯೇ ಏಕಕೋಶಿಗಳಾದ ಕೆಲವು ಆರ್ಕಿಯಗಳಿಗೂ ಮಾತ್ರ ಒಲಿದಿದೆ.

ಬಿಡಿಸಲಾರದ ಗಂಟು

ಗಾಳಿಯ ಸಾರಜನಕ ಒಂಟಿ ಪರಮಾಣುಗಳಾಗಿ ಇರುವುದಿಲ್ಲ. ಎರಡೆರಡು ಪರಮಾಣುಗಳು ಮೂರು ಬಂಧಗಳಿಂದ ಒಂದನ್ನೊಂದು ಬಿಗಿದುಕೊಂಡು ಒಂದು ಅಣುವಾಗಿರುತ್ತವೆ. ಈ ತ್ರಿಬಂಧವನ್ನು ಪೂರ್ತಿ ಕಡಿಯಲು ಪ್ರತಿ ಮೋಲ್‌ಗೆ ಸುಮಾರು 945 ಕಿಲೋಜೌಲ್ ಶಕ್ತಿ ಬೇಕು. ಆಮ್ಲಜನಕದ ಅಣುವಿನ ಬಂಧಕ್ಕೆ ಇದರ ಅರ್ಧಕ್ಕಿಂತ ತುಸು ಹೆಚ್ಚು, ಸುಮಾರು 498 ಕಿಲೋಜೌಲ್ ಸಾಕು. ಉಸಿರಿನ ಜೊತೆ ಒಳಹೋದ ಆಮ್ಲಜನಕ ದೇಹಕ್ಕೆ ಒದಗುತ್ತದೆ. ಸಾರಜನಕ ಹೋದ ಹಾಗೆಯೇ ಹೊರಬರುತ್ತದೆ.

ಸಾರಜನಕವೂ ಜಲಜನಕವೂ ಸೇರಿ ಅಮೋನಿಯವಾದಾಗ ಒಟ್ಟಾರೆ ಶಕ್ತಿ ಹೊರಬೀಳುತ್ತದೆ ಎಂಬುದು ಇಲ್ಲಿನ ಸೋಜಿಗ. ಲೆಕ್ಕದ ಪ್ರಕಾರ ಇದು ಇಳಿಜಾರಿನ ಹಾದಿ. ಆದರೆ ಇಳಿಜಾರು ಸಿಗುವ ಮುನ್ನ ಕಡಿದಾದ ಗುಡ್ಡವೊಂದನ್ನು ಹತ್ತಬೇಕು. ತ್ರಿಬಂಧದ ಮೊದಲ ಎಳೆ ಸಡಿಲಿಸುವುದೇ ಆ ಗುಡ್ಡ.

ಗುಡ್ಡ ಹತ್ತಿಸುವ ಒಂದು ದಾರಿ ಸಿಡಿಲು. ಅದರ ಕಾವಿಗೆ ಸಾರಜನಕ ಆಮ್ಲಜನಕದೊಡನೆ ಕೂಡಿ, ನೈಟ್ರೇಟ್ ಆಗಿ ಮಳೆನೀರಿನಲ್ಲಿ ನೆಲಕ್ಕಿಳಿಯುತ್ತದೆ. ಆದರೆ ಹೀಗೆ ಸಿಗುವ ಪಾಲು ಸಣ್ಣದು. ಇನ್ನೊಂದು ದಾರಿ ಕಾರ್ಖಾನೆ. ಜರ್ಮನಿಯ ಫ್ರಿಟ್ಸ್ ಹಾಬರ್ 1909ರಲ್ಲಿ ಸಾರಜನಕ ಮತ್ತು ಜಲಜನಕಗಳಿಂದ ಅಮೋನಿಯ ತೊಟ್ಟಿಕ್ಕಿಸಿ ತೋರಿಸಿದ. ಕಾರ್ಲ್ ಬಾಷ್ ಅದನ್ನು ದೊಡ್ಡ ಉದ್ಯಮವಾಗಿ ಬೆಳೆಸಿದ. 1913ರಲ್ಲಿ ಓಪ್ಪೌ ಎಂಬಲ್ಲಿ ಮೊದಲ ಕಾರ್ಖಾನೆ ಶುರುವಾಯಿತು. ಇಂದಿಗೂ ಯೂರಿಯಾಕ್ಕೆ ಬೇಕಾದ ಅಮೋನಿಯ ಬರುವುದು ಇದೇ ವಿಧಾನದಿಂದ. ಅದಕ್ಕೆ 400ರಿಂದ 500 ಡಿಗ್ರಿ ಸೆಲ್ಸಿಯಸ್ ಕಾವು, ವಾತಾವರಣದ ನೂರಾರು ಪಟ್ಟು ಒತ್ತಡ, ಕಬ್ಬಿಣದ ಕ್ರಿಯಾವರ್ಧಕ ಮತ್ತು ಹೆಚ್ಚಿನ ಕಡೆ ನೈಸರ್ಗಿಕ ಅನಿಲದಿಂದ ತೆಗೆದ ಜಲಜನಕ ಬೇಕು. ಪ್ರಪಂಚ ಬಳಸುವ ಒಟ್ಟು ಶಕ್ತಿಯಲ್ಲಿ ನೂರಕ್ಕೆ ಒಂದೆರಡು ಪಾಲು ಇದೊಂದಕ್ಕೇ ಖರ್ಚಾಗುತ್ತದೆ.

ತೊಗರಿ ಗಿಡದ ಬೇರಿನಲ್ಲಿ ಇದೇ ಕೆಲಸ ಹೊಲದ ಮಣ್ಣಿನ ಸಾಮಾನ್ಯ ಉಷ್ಣತೆಯಲ್ಲಿ, ಸಾಮಾನ್ಯ ಒತ್ತಡದಲ್ಲಿ ನಡೆಯುತ್ತದೆ. ಹಾಗೆಂದು ಅದು ಪುಕ್ಕಟೆಯ ಕೆಲಸವಲ್ಲ. ಕಾರ್ಖಾನೆ ಬೆಂಕಿ ಮತ್ತು ಒತ್ತಡದ ರೂಪದಲ್ಲಿ ತೆರುವ ಬೆಲೆಯನ್ನು ಬ್ಯಾಕ್ಟೀರಿಯ ಬೇರೆ ನಾಣ್ಯದಲ್ಲಿ, ಕಂತು ಕಂತಾಗಿ ತೆರುತ್ತದೆ.

ಬೇರಿನಿಂದ ಕಿಣ್ವದವರೆಗೆ

ಬೇಳೆಕಾಳು ಬೆಳೆದ ಹೊಲದಲ್ಲಿ ಮುಂದಿನ ಬೆಳೆ ಚೆನ್ನಾಗಿ ಬರುತ್ತದೆಂಬುದು ರೈತರಿಗೆ ಹಳೆಯ ತಿಳಿವಳಿಕೆ. ಕರ್ನಾಟಕದ ಬಯಲುಸೀಮೆಯಲ್ಲಿ ರಾಗಿಯ ನಡುವೆ ಅವರೆ, ತೊಗರಿಗಳನ್ನು ಅಕ್ಕಡಿ ಸಾಲಾಗಿ ಬಿತ್ತುವ ರೂಢಿಯಲ್ಲೂ ಈ ತಿಳಿವಳಿಕೆಯಿದೆ. ಕಾರಣ ಹುಡುಕುವ ಪ್ರಯೋಗಗಳು ಮೊದಲಾದದ್ದು 19ನೆಯ ಶತಮಾನದ ಯೂರೋಪಿನಲ್ಲಿ. ಫ್ರಾನ್ಸಿನ ಬೂಸ್ಸಾಂಗೋ 1838ರ ಹೊತ್ತಿಗೆ, ಕ್ಲೋವರ್ ಮತ್ತು ಬಟಾಣಿ ಗಿಡಗಳು ಸಾರಜನಕವಿಲ್ಲದ ಮಣ್ಣಿನಲ್ಲೂ ಸಾರಜನಕ ಗಳಿಸುತ್ತವೆ, ಗೋಧಿ ಗಳಿಸುವುದಿಲ್ಲ ಎಂದು ತೋರಿಸಿದ. 1886ರಲ್ಲಿ ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ಅದರ ಗುಟ್ಟು ಬೇರಿನ ಗಂಟುಗಳಲ್ಲಿದೆ ಎಂದರು. ಕಾಯಿಸಿ ಸೂಕ್ಷ್ಮಜೀವಿಗಳನ್ನು ಕೊಂದ ಮಣ್ಣಿನಲ್ಲಿ ಬಟಾಣಿಗೆ ಗಂಟು ಕಟ್ಟಲಿಲ್ಲ. ಹೊಲದ ಮಣ್ಣು ಕದಡಿದ ನೀರು ಹಾಕಿದಾಗ ಕಟ್ಟಿತು. ಎರಡು ವರ್ಷದ ಬಳಿಕ ಹಾಲೆಂಡಿನ ಬೈಯರಿಂಕ್ ಆ ಗಂಟುಗಳಿಂದ ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಬೆಳೆಸಿದ. ಅವೇ ಇಂದಿನ ರೈಜೋಬಿಯಂ ಬಳಗ. ಗಿಡದ ಹಂಗಿಲ್ಲದೆ ಮಣ್ಣಿನಲ್ಲೇ ಬದುಕಿ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಗಳೂ ಬೇಗನೆ ಗೊತ್ತಾದವು. ಆಮ್ಲಜನಕ ಸೋಕದ ಕಡೆ ಬಾಳುವ ಕ್ಲೋಸ್ಟ್ರಿಡಿಯಂ ಅನ್ನು ವಿನೊಗ್ರಾಡ್‌ಸ್ಕಿ ಕಂಡುಹಿಡಿದ. ಆಮ್ಲಜನಕದಲ್ಲೇ ಬಾಳುವ ಅಜೋಟೊಬ್ಯಾಕ್ಟರ್ ಅನ್ನು 1901ರಲ್ಲಿ ಬೈಯರಿಂಕ್ ಗುರುತಿಸಿದ.

ಕೆಲಸ ಮಾಡುವ ಕಿಣ್ವ ಕೈಗೆ ಸಿಗಲು ಇನ್ನೂ ಆರು ದಶಕ ಹಿಡಿಯಿತು. ಬ್ಯಾಕ್ಟೀರಿಯವನ್ನು ಜಜ್ಜಿ ರಸ ತೆಗೆದರೆ ಅದರ ಸಾರಜನಕ ಹಿಡಿಯುವ ಶಕ್ತಿ ಸತ್ತುಹೋಗುತ್ತಿತ್ತು. 1960ರಲ್ಲಿ ಅಮೆರಿಕದ ಡ್ಯುಪಾಂಟ್ ಸಂಶೋಧನಾಲಯದ ಕಾರ್ನಹಾನ್, ಮಾರ್ಟೆನ್‌ಸನ್ ಮತ್ತು ಸಂಗಡಿಗರು ಕ್ಲೋಸ್ಟ್ರಿಡಿಯಂನ ರಸದಲ್ಲಿ ಆ ಶಕ್ತಿಯನ್ನು ಉಳಿಸಿಕೊಂಡರು. ಆಮ್ಲಜನಕವನ್ನು ದೂರವಿಟ್ಟದ್ದು ಅವರ ಯಶಸ್ಸಿಗೆ ಮುಖ್ಯವಾಗಿತ್ತು. ಈ ಕಿಣ್ವದ ಪಾಲಿಗೆ ಆಮ್ಲಜನಕ ವಿಷ.

ಎರಡು ಪ್ರೋಟೀನುಗಳ ದುಡಿಮೆ

ನೈಟ್ರೊಜಿನೇಸ್ ಎಂದರೆ ಜೊತೆಯಾಗಿ ದುಡಿಯುವ ಎರಡು ಪ್ರೋಟೀನುಗಳು. ಚಿಕ್ಕದಕ್ಕೆ ಕಬ್ಬಿಣ ಪ್ರೋಟೀನು, ದೊಡ್ಡದಕ್ಕೆ ಮಾಲಿಬ್ಡಿನಂ-ಕಬ್ಬಿಣ ಪ್ರೋಟೀನು ಎಂದು ಹೆಸರು. ಸಾರಜನಕ ಅಮೋನಿಯವಾಗುವುದು ದೊಡ್ಡದರಲ್ಲಿ. ಅದಕ್ಕೆ ಬೇಕಾದ ಎಲೆಕ್ಟ್ರಾನ್‌ಗಳನ್ನು ಹೊತ್ತು ತರುವುದು ಚಿಕ್ಕದರ ಕೆಲಸ.

ಬಾವಿಯ ನೀರನ್ನು ಕೊಡದಲ್ಲಿ ಹೊತ್ತು ಹಂಡೆ ತುಂಬಿಸಿದಂತೆ ಇದು ನಡೆಯುತ್ತದೆ. ಕಬ್ಬಿಣ ಪ್ರೋಟೀನಿನಲ್ಲಿ ನಾಲ್ಕು ಕಬ್ಬಿಣ ಮತ್ತು ನಾಲ್ಕು ಗಂಧಕದ ಪರಮಾಣುಗಳ ಒಂದು ಗೊಂಚಲಿದೆ. ಕೊಡ ಎಂದರೆ ಅದೇ. ಒಂದು ಸಲಕ್ಕೆ ಒಂದು ಎಲೆಕ್ಟ್ರಾನ್ ಮಾತ್ರ ಹಿಡಿಯುತ್ತದೆ. ಕೋಶದ ಬೇರೆ ಪ್ರೋಟೀನುಗಳಿಂದ ಅದು ಎಲೆಕ್ಟ್ರಾನ್ ಪಡೆದು, ಎರಡು ಎಟಿಪಿ ಅಣುಗಳನ್ನು ಜೊತೆಗಿಟ್ಟುಕೊಂಡು, ದೊಡ್ಡ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಎಟಿಪಿ ಎಂದರೆ ಜೀವಕೋಶ ತನ್ನ ಎಲ್ಲ ಕೆಲಸಕ್ಕೂ ಖರ್ಚು ಮಾಡುವ ಶಕ್ತಿಯ ಚಿಲ್ಲರೆ. ಎಲೆಕ್ಟ್ರಾನ್ ದಾಟುತ್ತದೆ, ಎರಡು ಎಟಿಪಿ ಒಡೆಯುತ್ತವೆ, ಬರಿದಾದ ಕಬ್ಬಿಣ ಪ್ರೋಟೀನು ಕಳಚಿಕೊಂಡು ಮತ್ತೊಂದು ಎಲೆಕ್ಟ್ರಾನ್ ತರಲು ಹೋಗುತ್ತದೆ. ಒಂದು ಸಾರಜನಕ ಅಣುವಿಗೆ ಇಂಥ ಎಂಟು ಸುತ್ತು ಬೇಕು.

ದೊಡ್ಡ ಪ್ರೋಟೀನಿಗೆ ದಾಟಿದ ಎಲೆಕ್ಟ್ರಾನ್ ಎಂಟು ಕಬ್ಬಿಣ, ಏಳು ಗಂಧಕಗಳ ಇನ್ನೊಂದು ಗೊಂಚಲಿನ ಮೂಲಕ ಹಾದು, ಕಿಣ್ವದ ಗರ್ಭಗುಡಿ ಎನ್ನಬಹುದಾದ ಲೋಹದ ಮೂರನೆಯ ಗೊಂಚಲನ್ನು ಸೇರುತ್ತದೆ. ಅಲ್ಲಿ ಏಳು ಕಬ್ಬಿಣ, ಒಂಬತ್ತು ಗಂಧಕ, ಒಂದು ಮಾಲಿಬ್ಡಿನಂ ಪರಮಾಣುಗಳಿವೆ. ಮಾಲಿಬ್ಡಿನಂಗೆ ಹೋಮೊಸಿಟ್ರೇಟ್ ಎಂಬ ಸಾವಯವ ಆಮ್ಲ ಜೋತುಕೊಂಡಿರುತ್ತದೆ.

ಕ್ಯಾಲ್ಟೆಕ್ ಸಂಸ್ಥೆಯ ಕಿಮ್ ಮತ್ತು ಡಗ್ಲಸ್ ರೀಸ್ 1992ರಲ್ಲಿ ಕ್ಷ-ಕಿರಣಗಳ ನೆರವಿನಿಂದ ಇದರ ರಚನೆಯನ್ನು ಬಿಡಿಸಿ ತೋರಿಸಿದಾಗ ಗೊಂಚಲಿನ ನಡುಮಧ್ಯ ಟೊಳ್ಳಾಗಿ ಕಂಡಿತ್ತು. 2002ರಲ್ಲಿ ಇನ್ನಷ್ಟು ಸ್ಪಷ್ಟವಾದ ಚಿತ್ರ ಸಿಕ್ಕಿ, ಅಲ್ಲಿ ಹಗುರವಾದ ಯಾವುದೋ ಒಂದು ಪರಮಾಣು ಕುಳಿತಿರುವುದು ಗೊತ್ತಾಯಿತು. ಅದು ಸಾರಜನಕವೋ ಆಮ್ಲಜನಕವೋ ಇಂಗಾಲವೋ ಎಂಬ ಚರ್ಚೆ ಒಂಬತ್ತು ವರ್ಷ ನಡೆಯಿತು. 2011ರಲ್ಲಿ ಅದು ಇಂಗಾಲವೆಂದು ತೀರ್ಮಾನವಾಯಿತು. ಆರು ಕಬ್ಬಿಣದ ಪರಮಾಣುಗಳ ನಡುವೆ ಒಂಟಿ ಇಂಗಾಲ ಕುಳಿತ ಇಂಥ ರಚನೆ ಜೀವಲೋಕದಲ್ಲಿ ಬಲು ಅಪರೂಪ.

ನಾಲ್ಕು ಎಲೆಕ್ಟ್ರಾನ್ ಸೇರುವ ತನಕ ಈ ಗೊಂಚಲು ತ್ರಿಬಂಧದ ತಂಟೆಗೆ ಹೋಗುವುದಿಲ್ಲ. ಬಂದ ಎಲೆಕ್ಟ್ರಾನ್‌ಗಳನ್ನು ಜಲಜನಕದ ರೂಪದಲ್ಲಿ ಕಬ್ಬಿಣದ ಮೇಲೆ ಕೂಡಿಡುತ್ತದೆ. ನಾಲ್ಕು ಕೂಡಿದ ಮೇಲೆ ಎರಡು ಜಲಜನಕಗಳು ಒಂದಾಗಿ ಅನಿಲವಾಗಿ ಹಾರಿಹೋಗುತ್ತವೆ. ತೆರವಾದ ಜಾಗಕ್ಕೆ ಸಾರಜನಕ ಬಂದು ಕಟ್ಟಿಕೊಳ್ಳುತ್ತದೆ. ಈ ಬದಲಾವಣೆಯ ಹೊತ್ತಿಗೇ ಮೊದಲ ಎಳೆ ಸಡಿಲುತ್ತದೆ. ಬಳಿಕ ಒಂದೊಂದಾಗಿ ಎಲೆಕ್ಟ್ರಾನ್ ಮತ್ತು ಪ್ರೋಟಾನ್‌ಗಳು ಸೇರುತ್ತ ಬಂಧ ಪೂರ್ತಿ ಕಳಚಿ, ಎರಡು ಅಮೋನಿಯ ಅಣುಗಳು ಹೊರಬರುತ್ತವೆ. ಸಾರಜನಕ ಯಾವ ಪರಮಾಣುವನ್ನು ಹೇಗೆ ಹಿಡಿದುಕೊಳ್ಳುತ್ತದೆ ಎಂಬ ವಿವರದ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ.

ಕೆಲವು ಬ್ಯಾಕ್ಟೀರಿಯಗಳಲ್ಲಿ ಮಾಲಿಬ್ಡಿನಂ ಬದಲು ವೆನೇಡಿಯಂ ಇರುವ ಕಿಣ್ವವೂ ಕಬ್ಬಿಣ ಮಾತ್ರ ಇರುವ ಕಿಣ್ವವೂ ಇವೆ. ಅಜೋಟೊಬ್ಯಾಕ್ಟರ್‌ನ ಒಂದು ಜಾತಿಯಲ್ಲಿ ಮೂರೂ ಇವೆ. ಮಾಲಿಬ್ಡಿನಂ ಸಿಗುವಷ್ಟು ಕಾಲ ಅದು ಮಿಕ್ಕೆರಡನ್ನು ಮುಟ್ಟುವುದಿಲ್ಲ, ಏಕೆಂದರೆ ಅವುಗಳಲ್ಲಿ ಪೋಲು ಹೆಚ್ಚು.

ಖರ್ಚಿನ ಲೆಕ್ಕ

ಒಂದು ಸಾರಜನಕ ಅಣು ಎರಡು ಅಮೋನಿಯವಾಗಲು ಎಂಟು ಎಲೆಕ್ಟ್ರಾನ್, ಕನಿಷ್ಠ 16 ಎಟಿಪಿ ಖರ್ಚು. ಎಂಟರಲ್ಲಿ ಅಮೋನಿಯಕ್ಕೆ ಸೇರುವುದು ಆರು. ಎರಡು ಜಲಜನಕವಾಗಿ ಕೈಬಿಟ್ಟುಹೋಗುತ್ತವೆ. ಅಂದರೆ ಎಲ್ಲವೂ ಸರಿಯಾಗಿ ನಡೆದಾಗಲೂ ಎಲೆಕ್ಟ್ರಾನ್‌ಗಳಲ್ಲಿ ಕಾಲುಭಾಗ ಸೋರಿಕೆ. ಕೆಲವು ಬ್ಯಾಕ್ಟೀರಿಯಗಳು ಹಾಗೆ ಹೋದ ಜಲಜನಕವನ್ನು ಮತ್ತೆ ಹಿಡಿದು ಒಂದಿಷ್ಟು ಶಕ್ತಿ ಮರಳಿ ಪಡೆಯುತ್ತವೆ.

ಕಿಣ್ವ ಅವಸರದ್ದೂ ಅಲ್ಲ. ಸೆಕೆಂಡಿಗೆ ಲಕ್ಷಗಟ್ಟಲೆ ಅಣುಗಳನ್ನು ಮಾರ್ಪಡಿಸುವ ಕಿಣ್ವಗಳು ಜೀವಕೋಶದಲ್ಲಿವೆ. ನೈಟ್ರೊಜಿನೇಸ್‌ಗೆ ಒಂದು ಸಾರಜನಕ ಅಣುವಿಗೇ ಒಂದು ಸೆಕೆಂಡಿನಷ್ಟು ಹೊತ್ತು ಹಿಡಿಯುತ್ತದೆ. ವೇಗದ ಕೊರತೆಯನ್ನು ಸಂಖ್ಯೆಯಿಂದ ತುಂಬಬೇಕಾಗಿರುವುದರಿಂದ ಬ್ಯಾಕ್ಟೀರಿಯ ಈ ಕಿಣ್ವವನ್ನು ರಾಶಿ ರಾಶಿ ತಯಾರಿಸಿಕೊಳ್ಳುತ್ತದೆ. ಲೋಹದ ಗೊಂಚಲನ್ನು ಕಟ್ಟುವುದೂ ಸುಲಭವಲ್ಲ. ಬೇರೊಂದು ಪ್ರೋಟೀನಿನ ಅಚ್ಚಿನ ಮೇಲೆ ಅದನ್ನು ಜೋಡಿಸಿ, ಆಮೇಲೆ ಕಿಣ್ವದೊಳಗೆ ಕೂರಿಸಬೇಕು. ಕ್ಲೆಬ್ಸಿಯೆಲ್ಲ ಎಂಬ ಬ್ಯಾಕ್ಟೀರಿಯದಲ್ಲಿ ಇದಕ್ಕೆಲ್ಲ ಒಟ್ಟು ಇಪ್ಪತ್ತು ಜೀನುಗಳು ದುಡಿಯುತ್ತವೆ.

ಇಷ್ಟು ದುಬಾರಿಯಾದದ್ದನ್ನು ಬೇಡದಾಗ ನಡೆಸುವ ಜೀವಿ ಉಳಿಯದು. ಮಣ್ಣಿನಲ್ಲಿ ಅಮೋನಿಯ ಸಿಕ್ಕರೆ ಬ್ಯಾಕ್ಟೀರಿಯ ಈ ಜೀನುಗಳನ್ನು ಮುಚ್ಚುತ್ತದೆ, ಕಿಣ್ವದ ತಯಾರಿ ನಿಲ್ಲುತ್ತದೆ. ಕೆಲವು ಜಾತಿಗಳಲ್ಲಿ ಆಗಲೇ ತಯಾರಾದ ಕಿಣ್ವಕ್ಕೂ ತಾತ್ಕಾಲಿಕ ಬೀಗ ಬೀಳುತ್ತದೆ.

ಆಮ್ಲಜನಕದಿಂದ ಕಾಪಾಡಿಕೊಳ್ಳುವ ಬಗೆ

ಎಟಿಪಿ ಹೇರಳವಾಗಿ ಬೇಕೆಂದರೆ ಆಮ್ಲಜನಕ ಬಳಸಿ ಉಸಿರಾಡಬೇಕು. ಆದರೆ ಆಮ್ಲಜನಕ ತಗುಲಿದರೆ ಕಿಣ್ವದ ಲೋಹದ ಗೊಂಚಲುಗಳು ಕೆಡುತ್ತವೆ. ಕಬ್ಬಿಣ ಪ್ರೋಟೀನಂತೂ ಗಾಳಿಗೊಡ್ಡಿದ ನಿಮಿಷದೊಳಗೆ ಬಹುಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಸುಮಾರು 320 ಕೋಟಿ ವರ್ಷಗಳ ಹಿಂದೆಯೇ ಸಾರಜನಕ ಸ್ಥಿರೀಕರಣ ನಡೆಯುತ್ತಿದ್ದ ಸುಳಿವುಗಳು ಹಳೆಯ ಬಂಡೆಗಳಲ್ಲಿ ಸಿಕ್ಕಿವೆ. ಆಗ ವಾತಾವರಣದಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಅದು ಹೆಚ್ಚಿದ ಮೇಲೆ ಒಂದೊಂದು ಬ್ಯಾಕ್ಟೀರಿಯ ಒಂದೊಂದು ಉಪಾಯ ಹೂಡಿತು.

ಕ್ಲೋಸ್ಟ್ರಿಡಿಯಂ ಗಾಳಿಯಾಡದ ಜಾಗದಲ್ಲೇ ಉಳಿದುಕೊಂಡಿತು. ಅಜೋಟೊಬ್ಯಾಕ್ಟರ್ ಬಿರುಸಾಗಿ ಉಸಿರಾಡಿ, ಒಳಬಂದ ಆಮ್ಲಜನಕವನ್ನು ಕಿಣ್ವ ಮುಟ್ಟುವ ಮೊದಲೇ ಮುಗಿಸಿಬಿಡುತ್ತದೆ. ಆದರೂ ಆಮ್ಲಜನಕ ನುಗ್ಗಿದರೆ ಶೇತ್ನಾ ಪ್ರೋಟೀನು ಎಂಬ ಚಿಕ್ಕ ಪ್ರೋಟೀನು ಬಂದು ಕಿಣ್ವವನ್ನು ಅಪ್ಪಿ ಮುಚ್ಚುತ್ತದೆ. ಗಂಡಾಂತರ ಕಳೆಯುವವರೆಗೆ ಕಿಣ್ವದ ಕೆಲಸ ನಿಂತಿರುತ್ತದೆ.

ನೀಲಿ-ಹಸಿರು ಪಾಚಿ ಎಂದು ಕರೆಸಿಕೊಳ್ಳುವ ಸಯನೊಬ್ಯಾಕ್ಟೀರಿಯಗಳ ಪಾಡು ಇನ್ನೂ ಕಷ್ಟ. ಅವು ದ್ಯುತಿಸಂಶ್ಲೇಷಣೆಯಿಂದ ಆಮ್ಲಜನಕವನ್ನು ತಾವೇ ಉತ್ಪಾದಿಸುತ್ತವೆ. ಅನಬೀನ ಎಂಬ ಬಗೆಯಲ್ಲಿ ಜೀವಕೋಶಗಳು ಮಣಿಸರದಂತೆ ಸಾಲಾಗಿರುತ್ತವೆ. ಸಾರಜನಕ ಸಾಲದೆ ಬಂದಾಗ ಸುಮಾರು ಹತ್ತಕ್ಕೊಂದು ಮಣಿ ದಪ್ಪ ಗೋಡೆ ಕಟ್ಟಿಕೊಂಡು, ಆಮ್ಲಜನಕ ಬಿಡುವುದನ್ನು ನಿಲ್ಲಿಸಿ, ಸಾರಜನಕ ಹಿಡಿಯುವುದಕ್ಕೆಂದೇ ಮೀಸಲಾಗುತ್ತದೆ. ಪಕ್ಕದ ಕೋಶಗಳು ಅದಕ್ಕೆ ಸಕ್ಕರೆ ಕೊಡುತ್ತವೆ, ಪ್ರತಿಯಾಗಿ ಸಾರಜನಕ ಪಡೆಯುತ್ತವೆ. ನೀರು ನಿಂತ ಗದ್ದೆಗಳಲ್ಲಿ ಭತ್ತಕ್ಕೆ ಇಂಥ ಪಾಚಿಗಳಿಂದ ಸಾರಜನಕ ಸಿಗುತ್ತದೆಂದು ಪಿ. ಕೆ. ಡೇ 1939ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿದರು. ಗದ್ದೆಯಲ್ಲಿ ಬೆಳೆಸುವ ಅಜೋಲ ಎಂಬ ತೇಲುವ ಜರೀಗಿಡದ ಎಲೆಯೊಳಗೂ ಇಂಥದೇ ಸಯನೊಬ್ಯಾಕ್ಟೀರಿಯ ನೆಲೆಸಿರುತ್ತದೆ.

ಬೇರಿನೊಳಗಿನ ಬಾಡಿಗೆದಾರ

ಶಕ್ತಿ ಮತ್ತು ರಕ್ಷಣೆ ಎರಡನ್ನೂ ಗಿಡದಿಂದಲೇ ಪಡೆಯುವುದು ರೈಜೋಬಿಯಂನ ಜಾಣತನ. ಬೇಳೆಕಾಳಿನ ಬೇರು ಫ್ಲೇವನಾಯ್ಡ್ ಎಂಬ ರಾಸಾಯನಿಕಗಳನ್ನು ಮಣ್ಣಿಗೆ ಬಿಡುತ್ತದೆ. ತನಗೆ ಒಪ್ಪುವ ಸಂಕೇತ ಸಿಕ್ಕ ಬ್ಯಾಕ್ಟೀರಿಯ ಇನ್ನೊಂದು ರಾಸಾಯನಿಕದಿಂದ ಮಾರುತ್ತರ ಕೊಡುತ್ತದೆ. ಆಗ ಬೇರುಕೂದಲು ಸುರುಳಿ ಸುತ್ತಿ ಬ್ಯಾಕ್ಟೀರಿಯವನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಒಳಗಿನ ಕೋಶಗಳು ಬೆಳೆದು ಗಂಟಾಗುತ್ತವೆ. ಶೇಂಗಾದಲ್ಲಿ ದಾರಿ ಬೇರೆ: ಪಕ್ಕದ ಬೇರು ಕವಲೊಡೆಯುವ ಜಾಗದ ಬಿರುಕಿನಿಂದ ಬ್ಯಾಕ್ಟೀರಿಯ ಒಳಸೇರುತ್ತದೆ. ಒಂದು ಬೆಳೆಗೆ ಹೊಂದುವ ಬ್ಯಾಕ್ಟೀರಿಯ ಇನ್ನೊಂದಕ್ಕೆ ಹೊಂದದೆ ಹೋಗಬಹುದು. ಸೋಯಾಬೀನ್‌ಗೆ, ಶೇಂಗಾಕ್ಕೆ, ಕಡಲೆಗೆ ಬೇರೆ ಬೇರೆ ರೈಜೋಬಿಯಂ ಪೊಟ್ಟಣ ಮಾರುವುದಕ್ಕೆ ಕಾರಣ ಇದೇ.

ಗಂಟಿನೊಳಗೆ ಗಿಡ ತಾನು ತಯಾರಿಸಿದ ಸಕ್ಕರೆಯಿಂದ ಮ್ಯಾಲೇಟ್‌ನಂಥ ಆಮ್ಲಗಳನ್ನು ಮಾಡಿ ಬ್ಯಾಕ್ಟೀರಿಯಕ್ಕೆ ಉಣಿಸುತ್ತದೆ. ಬ್ಯಾಕ್ಟೀರಿಯ ಅಮೋನಿಯ ಕೊಡುತ್ತದೆ. ಅಮೋನಿಯ ಗಿಡದ ಕೋಶಕ್ಕೆ ದಾಟಿದೊಡನೆ ಗ್ಲುಟಮಿನ್ ಎಂಬ ಅಮೈನೊ ಆಮ್ಲವಾಗಿ, ಮುಂದೆ ಪ್ರೋಟೀನಾಗಿ ಕಾಳು ಸೇರುತ್ತದೆ. ಅಕ್ಕಿ, ರಾಗಿಗಿಂತ ಬೇಳೆಯಲ್ಲಿ ಪ್ರೋಟೀನು ಹೆಚ್ಚಿರುವುದರ ಹಿಂದೆ ಈ ಕೊಡುಕೊಳ್ಳುವಿಕೆಯ ಪಾಲಿದೆ.

ಆಮ್ಲಜನಕದ ತೊಡಕನ್ನು ಗಿಡ ಲೆಗ್‌ಹಿಮೊಗ್ಲೋಬಿನ್ ಎಂಬ ಪ್ರೋಟೀನಿನಿಂದ ಬಿಡಿಸುತ್ತದೆ. ಇದು ರಕ್ತದ ಹಿಮೊಗ್ಲೋಬಿನ್‌ನ ದಾಯಾದಿ. ಆಮ್ಲಜನಕವನ್ನು ಹಿಡಿದಿಟ್ಟುಕೊಂಡು, ಬ್ಯಾಕ್ಟೀರಿಯದ ಉಸಿರಾಟಕ್ಕೆ ಸಾಕಾಗುವಷ್ಟನ್ನು ಮಾತ್ರ ಬಿಡುತ್ತದೆ. ಕಿಣ್ವಕ್ಕೆ ತಗುಲುವಷ್ಟು ಉಳಿಯಗೊಡುವುದಿಲ್ಲ. ಕೆಲಸ ಮಾಡುವ ಗಂಟಿನ ಒಳಗು ರಕ್ತದಂತೆ ಕೆಂಪಗಿರುವುದು ಇದರಿಂದಲೇ.

ಭತ್ತ, ರಾಗಿಗೆ ಏಕಿಲ್ಲ?

ಈ ವಿದ್ಯೆಯನ್ನು ಭತ್ತ, ಜೋಳ, ಗೋಧಿಗೂ ಕಲಿಸಬಹುದೆಂಬ ಆಸೆ ಹಳೆಯದು. 1972ರಲ್ಲಿ ಇಂಗ್ಲೆಂಡಿನ ಡಿಕ್ಸನ್ ಮತ್ತು ಪೋಸ್ಟ್‌ಗೇಟ್ ಕ್ಲೆಬ್ಸಿಯೆಲ್ಲದ ಸಾರಜನಕ ಜೀನುಗಳನ್ನು ಇ. ಕೋಲಿ ಬ್ಯಾಕ್ಟೀರಿಯಕ್ಕೆ ದಾಟಿಸಿ, ಅದೂ ಸಾರಜನಕ ಹಿಡಿಯುವಂತೆ ಮಾಡಿದರು. ಒಂದು ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ ಆದದ್ದು ಗಿಡಕ್ಕೆ ಸುಲಭವಾಗಿ ಆಗುತ್ತಿಲ್ಲ. ಹತ್ತಾರು ಜೀನುಗಳು ಸರಿಯಾದ ಪ್ರಮಾಣದಲ್ಲಿ ದುಡಿಯಬೇಕು, ಲೋಹದ ಗೊಂಚಲು ಗಿಡದ ಕೋಶದೊಳಗೇ ಸಿದ್ಧವಾಗಬೇಕು, ಆಮ್ಲಜನಕ ದೂರವಿರಬೇಕು, ಮೇಲೆ ಎಟಿಪಿಯ ಖರ್ಚನ್ನು ಗಿಡ ತಡೆದುಕೊಳ್ಳಬೇಕು. ಕಬ್ಬಿಣ ಪ್ರೋಟೀನನ್ನು ಯೀಸ್ಟ್‌ನ ಮೈಟೊಕಾಂಡ್ರಿಯದಲ್ಲಿ ತಯಾರಿಸಲು ಸಾಧ್ಯವಾಗಿದೆ. ತನ್ನ ಸಾರಜನಕ ತಾನೇ ಹಿಡಿಯುವ ಭತ್ತ ಇನ್ನೂ ಹುಟ್ಟಿಲ್ಲ.

ಪ್ರಕೃತಿಯಲ್ಲಿ ಅಂಥದ್ದೊಂದು ನಡೆದಿರುವುದು 2024ರಲ್ಲಿ ಬೆಳಕಿಗೆ ಬಂತು. ಬ್ರಾರುಡೊಸ್ಫೇರ ಎಂಬ ಕಡಲಪಾಚಿಯೊಳಗೆ ಬಾಳುತ್ತಿದ್ದ ಸಯನೊಬ್ಯಾಕ್ಟೀರಿಯವೊಂದು ಬೇರೆ ಜೀವಿಯಾಗಿ ಉಳಿಯದೆ ಆ ಪಾಚಿಯ ಕೋಶದ ಅಂಗವೇ ಆಗಿಬಿಟ್ಟಿದೆ ಎಂದು ಸಂಶೋಧಕರು ತೋರಿಸಿದರು. ಪಾಚಿಯ ಕೋಶ ಇಬ್ಭಾಗವಾದಾಗ ಅದೂ ಜೊತೆಯಲ್ಲೇ ಇಬ್ಭಾಗವಾಗುತ್ತದೆ. ಅದಕ್ಕೆ ನೈಟ್ರೊಪ್ಲಾಸ್ಟ್ ಎಂದು ಹೆಸರಿಟ್ಟಿದ್ದಾರೆ.

ಹೊಲದಲ್ಲಿ

ಕಿಣ್ವದ ಸ್ವಭಾವ ತಿಳಿದರೆ ಹೊಲದ ಅನೇಕ ಸಂಗತಿಗಳು ಅರ್ಥವಾಗುತ್ತವೆ. ತೊಗರಿಗೋ ಶೇಂಗಾಕ್ಕೋ ಯೂರಿಯಾ ಹೆಚ್ಚಾಗಿ ಸುರಿದರೆ ಬೇರಿನಲ್ಲಿ ಗಂಟು ಕಡಿಮೆಯಾಗುತ್ತದೆ. ಚೀಲದ ಸಾರಜನಕ ಸಿಗುವಾಗ ಬಾಡಿಗೆದಾರನನ್ನು ಸಾಕಲು ಗಿಡ ಒಪ್ಪುವುದಿಲ್ಲ. ಹುಳಿ ಮಣ್ಣಿನಲ್ಲಿ ಮಾಲಿಬ್ಡಿನಂ ಗಿಡಕ್ಕೆ ಸರಿಯಾಗಿ ಸಿಗುವುದಿಲ್ಲ, ಆದ್ದರಿಂದ ಸುಣ್ಣ ಹಾಕಿ ಹುಳಿ ಇಳಿಸಿದರೆ ಗಂಟುಗಳ ಕೆಲಸವೂ ಸುಧಾರಿಸುತ್ತದೆ. ನೀರು ನಿಂತರೆ ಬೇರಿಗೆ ಉಸಿರು ಸಾಲದೆ ಎಟಿಪಿ ಕಡಿಮೆಯಾಗಿ ಕಿಣ್ವ ಸೊರಗುತ್ತದೆ. ರೈಜೋಬಿಯಂ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚಿ ನೆರಳಲ್ಲೇ ಆರಿಸಬೇಕು, ಬಿಸಿಲಿಗೆ ಹಾಕಬಾರದು; ಪುಡಿಯಲ್ಲಿರುವುದು ಜೀವಂತ ಬ್ಯಾಕ್ಟೀರಿಯ.

ಗಂಟು ಹಿಡಿದ ಸಾರಜನಕದ ದೊಡ್ಡ ಪಾಲು ಕಾಳಿನ ಜೊತೆ ಕಣಕ್ಕೆ ಹೋಗುತ್ತದೆ. ಹೊಲಕ್ಕೆ ಉಳಿಯುವುದು ಬೇರು, ಗಂಟು ಮತ್ತು ಉದುರಿದ ಎಲೆಗಳಲ್ಲಿರುವಷ್ಟು. ತೊಗರಿ ಹೇರಳವಾಗಿ ಎಲೆ ಉದುರಿಸುತ್ತದೆ. ಸೆಣಬು, ಡಯಾಂಚದಂಥ ಹಸಿರೆಲೆ ಗೊಬ್ಬರದ ಬೆಳೆಯನ್ನು ಕಾಳು ಕಟ್ಟುವ ಮೊದಲೇ ಮಗುಚಿ ಮಣ್ಣಿಗೆ ಸೇರಿಸುವುದರಿಂದ ಸಾರಜನಕ ಪೂರ್ತಿ ಹೊಲದಲ್ಲೇ ಉಳಿಯುತ್ತದೆ.

ಕಿಣ್ವ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಪ್ರಯೋಗಾಲಯ ಬೇಡ. ಬಿತ್ತಿ ಐದಾರು ವಾರವಾದ ಗಿಡವೊಂದನ್ನು ಕೀಳದೆ ಮಣ್ಣುಸಮೇತ ಅಗೆದು, ಬೇರನ್ನು ನೀರಿನಲ್ಲಿ ತೊಳೆದರೆ ಗಂಟುಗಳು ಕಾಣುತ್ತವೆ. ಬೇರಿನ ಬದಿಗೆ ಅಂಟಿಕೊಂಡು, ಬೆರಳಿನಿಂದ ತಳ್ಳಿದರೆ ಕಳಚುವುದು ರೈಜೋಬಿಯಂ ಗಂಟು. ಬೇರೇ ಊದಿಕೊಂಡು ಕಳಚದಿದ್ದರೆ ಅದು ಜಂತುಹುಳುವಿನ ರೋಗ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗು ಕೆಂಪು ಅಥವಾ ಗುಲಾಬಿ ಬಣ್ಣವಿದ್ದರೆ ಗಾಳಿಯಿಂದ ಅಮೋನಿಯ ತಯಾರಾಗುತ್ತಿದೆ. ಬಿಳಿಯಾಗಿದ್ದರೆ ಕೆಲಸ ಇನ್ನೂ ಶುರುವಾಗಿಲ್ಲ, ಇಲ್ಲವೇ ಒಳಸೇರಿದ ಬ್ಯಾಕ್ಟೀರಿಯ ಕೆಲಸಕ್ಕೆ ಬಾರದ್ದು. ಹಸಿರು ಅಥವಾ ಕಂದು ಬಣ್ಣವಾಗಿದ್ದರೆ ಆ ಗಂಟಿನ ಕೆಲಸ ಮುಗಿದಿದೆ.